ಹೆಸರಿಟ್ಟವರು ಯಾರು? ಹಿಂದ್ಕೋ ಎಂಬ ನುಡಿಯ ಕಥೆ

ದಿಲೀಪ್ ಕುಮಾರ್ ಮನೆಮಾತು ಯಾವುದು ಅಂತ ಕೇಳಿದರೆ ಏನು ಹೇಳ್ತೀರಿ? ಹುಟ್ಟುಹೆಸರು ಯೂಸುಫ್ ಖಾನ್, ಪೇಶಾವರದವರು, ಹಾಗಾದರೆ ಪಶ್ತೋ ಇರಬೇಕು ಅಂತ ಕೆಲವರು. ಆ ಸಂಭಾಷಣೆಯ ಠೀವಿ ಕೇಳಿದವರು ಉರ್ದುವೇ ಅಂದಾರು. ಸರಿ, ರಾಜ್ ಕಪೂರ್? ಅದರಲ್ಲೇನು ಅನುಮಾನ, ಪಂಜಾಬಿ!

ಇಬ್ಬರೂ ಹುಟ್ಟಿದ್ದು ಪೇಶಾವರದ ಹಳೇ ಊರಿನಲ್ಲಿ. ಒಬ್ಬರು 1922ರ ಡಿಸೆಂಬರ್ 11ರಂದು, ಇನ್ನೊಬ್ಬರು 1924ರ ಡಿಸೆಂಬರ್ 14ರಂದು. ಕಿಸ್ಸಾ ಖ್ವಾನಿ ಬಜಾರ್, ಅಂದರೆ ಕಥೆ ಹೇಳುವವರ ಬಜಾರು, ಅದರ ಆಸುಪಾಸಿನ ಗಲ್ಲಿಗಳಲ್ಲಿ ಇವರಿಬ್ಬರ ಮನೆಗಳು. ಹಣ್ಣಿನ ವ್ಯಾಪಾರಿ ಗುಲಾಮ್ ಸರ್ವರ್ ಖಾನರ ಮನೆಯಲ್ಲೂ, ಬಸೇಶ್ವರನಾಥ ಕಪೂರರ ಹವೇಲಿಯಲ್ಲೂ ಆಡುತ್ತಿದ್ದ ಮಾತು ಒಂದೇ. ಅದರ ಹೆಸರು ಹಿಂದ್ಕೋ.

ಕೆಲವು ತಿಂಗಳಿಂದ ಬಿಡುವಾದಾಗಲೆಲ್ಲ ಈ ಭಾಷೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ವ್ಯಾಕರಣಕ್ಕಿಂತ ನನ್ನನ್ನು ಹೆಚ್ಚು ಹಿಡಿದದ್ದು ಹೆಸರುಗಳ ಕಥೆ. ಈ ಭಾಷೆಗೆ ಹೆಸರಿಟ್ಟವರು ಅದನ್ನು ಆಡುವವರಲ್ಲ. ಅದು ಸೇರಿದ ಭಾಷಾಗುಂಪಿಗೆ ಹೆಸರಿಟ್ಟವರೂ ಅವರಲ್ಲ. ಅವರು ಬಾಳುವ ಪ್ರಾಂತ್ಯಕ್ಕೆ ಹೆಸರಿಟ್ಟವರಂತೂ ಮೊದಲೇ ಅಲ್ಲ. ಹೆಸರಿನಲ್ಲೇನಿದೆ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ಹೆಸರಿಗಾಗಿ ಜನ ಬೀದಿಗಿಳಿದು ಪ್ರಾಣ ಬಿಟ್ಟಿದ್ದಾರೆ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಮೊದಲು ಜಾಗ ಗುರುತು ಮಾಡಿಕೊಳ್ಳೋಣ. ಪಾಕಿಸ್ತಾನದ ನಕಾಶೆಯಲ್ಲಿ ಸಿಂಧೂ ನದಿ ಬೆಟ್ಟಗಳಿಂದ ಇಳಿದು ಬಯಲಿಗೆ ಬರುವ ಜಾಗ ನೋಡಿ. ನದಿಯ ಪೂರ್ವಕ್ಕೆ ಹಜಾರಾ ಸೀಮೆ: ಹರಿಪುರ, ಅಬೊಟಾಬಾದ್, ಮಾನ್ಸೆಹ್ರಾ. ಅಬೊಟಾಬಾದ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು 2011ರ ಮೇ ತಿಂಗಳಲ್ಲಿ ಒಸಾಮಾ ಬಿನ್ ಲಾಡೆನ್ ಹತನಾದದ್ದು. ಆದರೆ ಅದು 1853ರಲ್ಲಿ ಜೇಮ್ಸ್ ಅಬಟ್ ಎಂಬ ಬ್ರಿಟಿಷ್ ಅಧಿಕಾರಿ ಕಟ್ಟಿಸಿದ ಊರು, ಹಿಂದ್ಕೋ ಆಡುವವರ ದೊಡ್ಡ ನೆಲೆ. ಪಕ್ಕದ ಹರಿಪುರ ಅದಕ್ಕಿಂತ ಹಳೆಯದು, ಸಿಖ್ ಸೇನಾಪತಿ ಹರಿಸಿಂಗ್ ನಲ್ವಾನ ಹೆಸರಿನದು. ಹಜಾರಾದ ದಕ್ಷಿಣಕ್ಕೆ ಪಂಜಾಬಿನ ಅಟಕ್ ಜಿಲ್ಲೆ, ಅಲ್ಲೂ ಹಿಂದ್ಕೋ ಇದೆ. ನದಿ ದಾಟಿ ಪಶ್ಚಿಮಕ್ಕೆ ಹೋದರೆ ಸುತ್ತಲೂ ಪಶ್ತೋ ಸಮುದ್ರ. ಅದರ ನಡುವೆ ಎರಡು ದ್ವೀಪಗಳ ಹಾಗೆ ಪೇಶಾವರ ಮತ್ತು ಕೊಹಾಟ್ ಪಟ್ಟಣಗಳ ಹಿಂದ್ಕೋ.

ಈಗ ಮೊದಲನೇ ಹೆಸರಿಗೆ ಬರೋಣ. 'ಹಿಂದ್ಕೋ' ಅಂದರೆ ಏನು? ಸಿಂಧು ಪರ್ಷಿಯನ್ನರ ಬಾಯಲ್ಲಿ ಹಿಂದು ಆಯಿತು ಅನ್ನೋದು ನಮಗೆಲ್ಲ ಗೊತ್ತು. ನಮ್ಮ ಹಳಗನ್ನಡದ ಪಾಲು ಹಾಲಾದ ಹಾಗೆ ಅಲ್ಲಿ ಸಕಾರ ಹಕಾರವಾಯಿತು. ಹಿಂದ್ಕೋ ಅಂದರೆ ಹಿಂದ್‌ನವರ ಮಾತು. ಗಡಿನಾಡಿನ ಪಠಾಣರು ತಮ್ಮ ಪಶ್ತೋ ಬಿಟ್ಟು, ಸಿಂಧೂ ತೀರದ ಊರುಗಳಲ್ಲಿ ಕೇಳಿಬರುತ್ತಿದ್ದ ಬೇರೆ ಮಾತಿಗೆಲ್ಲ ಈ ಹೆಸರು ಹಚ್ಚಿದರು. ಇದು 'ಅವರ ಮಾತು' ಅಂತ ಬೆರಳು ತೋರಿಸುವ ಹೆಸರು. ಹಾಗಾಗಿಯೇ ಹಿಂದಿನ ದಾಖಲೆಗಳಲ್ಲಿ ಅದು ಒಂದು ಕಡೆ ನಿಲ್ಲುವುದಿಲ್ಲ. ಬಹಳ ದಕ್ಷಿಣದ ಡೇರಾ ಇಸ್ಮಾಯಿಲ್ ಖಾನಿನ ಮಾತಿಗೂ, ಈಗ ಸರಾಯಿಕಿ ಅಂತ ಕರೆಯುವ ನುಡಿಗೂ, ಹಿಂದ್ಕೋ ಅಥವಾ ಹಿಂದ್ಕಿ ಅಂದದ್ದುಂಟು.

ಇನ್ನೊಂದು ಗೊಂದಲವೂ ಇದೆ. ಬ್ರಿಟಿಷರು ಇದನ್ನು 'ಹಿಂದೂಗಳ ಭಾಷೆ' ಅಂತ ಬರೆದುಕೊಂಡರು. 1947ಕ್ಕೆ ಮುಂಚೆ ಹಿಂದೂಗಳು, ಸಿಖ್ಖರು ಈ ಭಾಷೆ ಆಡುತ್ತಿದ್ದದ್ದು ನಿಜ. ಆದರೆ ಆಗಲೂ ಇದನ್ನು ಆಡುವವರಲ್ಲಿ ದೊಡ್ಡ ಸಂಖ್ಯೆ ಮುಸ್ಲಿಮರದೇ. ಇವತ್ತು ಹಿಂದ್ಕೋ ಆಡುವ ಮಂದಿ, ಅಂದರೆ ಹಿಂದ್ಕೋವಾನರು, ಬಹುಪಾಲು ಮುಸ್ಲಿಮರು. ಹೆಸರಿನಲ್ಲಿರುವ 'ಹಿಂದ್' ಧರ್ಮದ್ದಲ್ಲ, ನದಿಯದು, ನೆಲದ್ದು.

ಎರಡನೇ ಹೆಸರು ಗ್ರಿಯರ್ಸನ್ ಕಾಲದ್ದು. ಜಾರ್ಜ್ ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸಮೀಕ್ಷೆಯ ಎಂಟನೇ ಸಂಪುಟದ ಮೊದಲ ಭಾಗ 1919ರಲ್ಲಿ ಬಂತು. ಪಂಜಾಬದ ಪಶ್ಚಿಮಕ್ಕಿರುವ ನುಡಿಗಳನ್ನೆಲ್ಲ ಗುಡ್ಡೆ ಹಾಕಿ ಅವರು 'ಲಹಂದಾ' ಅಂತ ಕರೆದರು. ಈ ಪದದ ಅರ್ಥ ಕೇಳಿದರೆ ನಿಮಗೂ ಖುಷಿಯಾಗುತ್ತೆ. ಲಹಂದಾ ಅಂದರೆ ಇಳಿಯುವುದು, ಸೂರ್ಯ ಇಳಿಯುವ ದಿಕ್ಕು. ನಮ್ಮ 'ಪಡುವಣ' ಕೂಡ ಸೂರ್ಯ ಪಡುವ, ಅಂದರೆ ಮುಳುಗುವ ದಿಕ್ಕೇ ತಾನೆ? ಎರಡೂ ಕಡೆಯ ಜನ ಸಂಜೆ ಒಂದೇ ಕಡೆ ನೋಡಿ ಒಂದೇ ಥರ ಯೋಚಿಸಿದ್ದಾರೆ.

ಚಂದವೇನೋ ಹೌದು. ಆದರೆ ಪಶ್ಚಿಮ ಅಂದರೆ ಯಾರ ಪಶ್ಚಿಮ? ಲಾಹೋರಿನಲ್ಲಿ ನಿಂತವನಿಗೆ ಅದು ಪಶ್ಚಿಮ. ಅಬೊಟಾಬಾದಿನವನಿಗೆ ತನ್ನ ಮನೆ ಪಶ್ಚಿಮದಲ್ಲಿಲ್ಲ, ಇದ್ದಲ್ಲೇ ಇದೆ! 'ನಾನು ಲಹಂದಾ ಮಾತಾಡ್ತೀನಿ' ಅಂತ ಆ ಕಡೆಯ ಯಾರೂ ಹೇಳಿದ್ದಿಲ್ಲ. ಅದು ಪಂಡಿತರ ಪುಸ್ತಕದಲ್ಲಿ ಹುಟ್ಟಿ ಅಲ್ಲೇ ಉಳಿದ ಹೆಸರು.

ಹೆಸರು ಬಿಟ್ಟು ಮಾತನ್ನೇ ನೋಡೋಣ. ಸಂಸ್ಕೃತದ ಬಳಕೆ ಇರುವ ಕನ್ನಡಿಗರಿಗೆ ಹಿಂದ್ಕೋದ ಕೆಲವು ಪದಗಳು ಪಂಜಾಬಿಗಿಂತ ಹತ್ತಿರ ಅನ್ನಿಸುತ್ತವೆ. ಪಂಜಾಬಿಯ 'ತಿನ್ನ್' (ಮೂರು) ಇಲ್ಲಿ 'ತ್ರೈ'. ಮಗನಿಗೆ ಪಂಜಾಬಿಯಲ್ಲಿ 'ಪುತ್ತರ್', ಇಲ್ಲಿ 'ಪುತ್ರ್'. ಹಳ್ಳಿಗೆ ಪಂಜಾಬಿಯಲ್ಲಿ 'ಪಿಂಡ್', ಇಲ್ಲಿ 'ಗ್ರಾಂ', ಸಾಕ್ಷಾತ್ ನಮ್ಮ ಗ್ರಾಮ. ಬೇರೆ ಕಡೆ ಸವೆದುಹೋದ ರಕಾರದ ಒತ್ತು ಸಿಂಧೂ ದಂಡೆಯಲ್ಲಿ ಗಟ್ಟಿಯಾಗಿ ಉಳಿದಿದೆ.

ಭವಿಷ್ಯತ್ಕಾಲದ ಕ್ರಿಯಾಪದವೂ ಹಾಗೆಯೇ. 'ಮಾಡುತ್ತೇನೆ' ಅನ್ನಲು ಹಿಂದಿಯವರು 'ಕರೂಂಗಾ' ಅಂತಾರೆ, ಪಂಜಾಬಿಯವರು 'ಕರಾಂಗಾ' ಅಂತಾರೆ. ಹಜಾರಾದ ಹಿಂದ್ಕೋದಲ್ಲಿ ಅದು 'ಕರ್ಸಾಂ'. ಸಂಸ್ಕೃತದ 'ಕರಿಷ್ಯಾಮಿ'ಯ ಸಕಾರ ಸಾವಿರಾರು ವರ್ಷ ದಾಟಿ ಬಂದು ಅಲ್ಲಿ ಕೂತಿದೆ. ಹೋಗುವುದಕ್ಕೆ 'ಜುಲ್ಣಾ' ಅನ್ನುವ, ಹಿಂದಿಯಲ್ಲಿ ಕೇಳಸಿಗದ ಕ್ರಿಯಾಪದವಿದೆ. ಘ, ಧ, ಭಗಳಂಥ ಮಹಾಪ್ರಾಣಗಳದ್ದು ಒಂದೊಂದು ಕಡೆ ಒಂದೊಂದು ಗತಿ. ಕೆಲವು ಊರಲ್ಲಿ ಅವು ಹಾಗೇ ಉಳಿದಿವೆ. ಇನ್ನು ಕೆಲವು ಕಡೆ ಉಸಿರು ಕಳೆದುಕೊಂಡು, ಹೋಗುವಾಗ ಪದದ ಮೇಲೆ ಒಂದು ರಾಗ ಬಿಟ್ಟು ಹೋಗಿವೆ.

ಇದರಲ್ಲಿ ಒಳಭೇದಗಳು ಬೇಕಾದಷ್ಟು. ಹಜಾರಾದ್ದು ಒಂದು ಬಗೆ. ಅದನ್ನೇ ಮೇಲಿನ ಕಾಘಾನ್ ಕಣಿವೆಯ ಹೆಸರಿನಿಂದ ಕಾಘಾನಿ ಅಂತಲೂ ಕರೆದಿದ್ದಾರೆ. 2005ರ ಅಕ್ಟೋಬರ್ 8ರ ಭೂಕಂಪದಲ್ಲಿ ನೆಲಸಮವಾದ ಬಾಲಾಕೋಟ್ ಆ ಕಣಿವೆಯ ಬಾಗಿಲು. ಅಟಕ್ ಜಿಲ್ಲೆಯ ಛಛ್ ಬಯಲಿನಲ್ಲಿ ಆಡುವುದು ಛಾಛಿ, ಪಿಂಡಿ ಘೇಬ್ ಕಡೆ ಘೇಬಿ, ತಲಗಂಗ್ ಸುತ್ತ ಅವಾನ್ ಜನರ ಅವಾಣಕಾರಿ. ಆಮೇಲೆ ಕೊಹಾಟಿ, ಪೇಶಾವರಿ. ಅವಾಣಕಾರಿಗೆ ಒಬ್ಬ ಒಳ್ಳೆಯ ವಿದ್ವಾಂಸ ಸಿಕ್ಕ. ತಲಗಂಗ್‌ನಲ್ಲೇ ಹುಟ್ಟಿದ ಹರದೇವ್ ಬಾಹರಿ, ಹಿಂದಿ ನಿಘಂಟುಗಳಿಂದ ನಮಗೆ ಪರಿಚಿತ ಹೆಸರು. ದೇಶವಿಭಜನೆಯ ನಂತರ ಅಲಹಾಬಾದಿನಲ್ಲಿದ್ದುಕೊಂಡು, 1960ರ ದಶಕದಲ್ಲಿ, ತನ್ನ ಹುಟ್ಟೂರಿನ ಮಾತಿನ ಧ್ವನಿಗಳ ಮೇಲೆ ಪುಸ್ತಕ ಪ್ರಕಟಿಸಿದರು. ಊರು ಗಡಿಯಾಚೆ ಹೋಯಿತು, ಅದರ ಸದ್ದನ್ನಾದರೂ ಕಾಗದದ ಮೇಲೆ ಹಿಡಿದಿಟ್ಟರು.

ಮಾನ್ಸೆಹ್ರಾ ಹೆಸರು ಬಂದಾಗ ಒಂದು ಮಾತು ಹೇಳದೇ ಮುಂದೆ ಹೋಗಲಾರೆ. ಅಲ್ಲಿ ಬಂಡೆಗಳ ಮೇಲೆ ಅಶೋಕನ ಹದಿನಾಲ್ಕು ಶಾಸನಗಳಿವೆ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ. ಖರೋಷ್ಠಿ ಗಾಂಧಾರದ, ಅಂದರೆ ಪೇಶಾವರ ಕಣಿವೆಯ ಮತ್ತು ಸುತ್ತಲ ಸೀಮೆಯ ಲಿಪಿ. ಈಗ ಸೀದಾ ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿಗೆ ಬನ್ನಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳು ಬ್ರಾಹ್ಮಿಯಲ್ಲಿವೆ. ಕೊನೆಗೆ ಬರೆದವನು ಚಪಡ ಅಂತ ತನ್ನ ಹೆಸರು ಹಾಕಿದ್ದಾನೆ. 'ಲಿಪಿಕಾರ' ಅನ್ನುವ ಪದ ಬಂದಾಗ ಮಾತ್ರ ಖರೋಷ್ಠಿಗೆ ಹೊರಳಿದ್ದಾನೆ! ಆ ಒಂದು ಪದದಿಂದಾಗಿ ಇವನು ವಾಯವ್ಯದ ಕಡೆ ಅಕ್ಷರ ಕಲಿತವನಿರಬೇಕು ಅಂತ ವಿದ್ವಾಂಸರು ಊಹಿಸುತ್ತಾರೆ. ಅವನು ಆಡುತ್ತಿದ್ದ ಮಾತು ಹಿಂದ್ಕೋ ಅಲ್ಲ, ಹಿಂದ್ಕೋ ಅನ್ನುವುದು ಆಗಿನ್ನೂ ರೂಪುಗೊಂಡಿರಲಿಲ್ಲ. ಆದರೂ ಆ ನೆಲದ ಅಕ್ಷರ ನಮ್ಮ ಬಂಡೆಯ ಮೇಲಿದೆ. ಇಷ್ಟು ಸಂಬಂಧ ಸಾಕು ನನಗೆ :)

ಇನ್ನೊಂದು ಗಂಟು ಬಿಡಿಸಬೇಕು. ಪಠಾಣರೆಲ್ಲ ಪಶ್ತೋ ಆಡುವವರು, ಹಿಂದ್ಕೋ ಆಡುವವರು ಪಠಾಣರಲ್ಲ ಅಂತ ಗೆರೆ ಎಳೆಯಲು ಹೋದರೆ ಸೋಲುತ್ತೀರಿ. ಜದೂನ್ ಅನ್ನುವ ಪಠಾಣ ಕುಲವನ್ನೇ ನೋಡಿ. ಸಿಂಧೂ ನದಿಯ ಆಚೆ ಸ್ವಾಬಿಯಲ್ಲಿರುವ ಜದೂನರು ಪಶ್ತೋ ಆಡುತ್ತಾರೆ, ಈಚೆ ಅಬೊಟಾಬಾದಿನ ಜದೂನರು ಹಿಂದ್ಕೋ. ಕುಲ ಒಂದೇ, ನಡುವೆ ಹೊಳೆ, ಮಾತು ಎರಡು. ಹರಿಪುರದ ತರೀನರು, ಮಾನ್ಸೆಹ್ರಾದ ಸ್ವಾತಿಗಳು ಕೂಡ ಹಿಂದ್ಕೋ ಆಡುತ್ತಾರೆ. 1958ರಿಂದ 1969ರವರೆಗೆ ಪಾಕಿಸ್ತಾನ ಆಳಿದ ಅಯೂಬ್ ಖಾನ್ ಹರಿಪುರದ ಹತ್ತಿರದ ರೆಹಾನಾ ಹಳ್ಳಿಯ ತರೀನ್ ಪಠಾಣ, ಅವರ ಮನೆಮಾತು ಹಿಂದ್ಕೋ. ಇತ್ತ ಪೇಶಾವರದಲ್ಲಿ ಹಿಂದ್ಕೋ ಆಡುವವರಿಗೆ ಸುತ್ತಲ ಪಠಾಣರು ಇಟ್ಟ ಇನ್ನೊಂದು ಹೆಸರು 'ಖಾರಿಯಾನ್', ಅಂದರೆ ಪಟ್ಟಣಿಗರು. ಅಲ್ಲಿ ಭಾಷೆ ಕುಲದ ಗುರುತಾಗಿ ಉಳಿಯಲಿಲ್ಲ, ಕೋಟೆಯೊಳಗಿನವರು ಮತ್ತು ಹೊರಗಿನವರು ಅನ್ನುವ ಗುರುತಾಯಿತು.

ಹಾಗಾದರೆ ಇದೆಲ್ಲ ಸೇರಿ ಒಂದು ಭಾಷೆಯಾ? ಲಂಡನ್ನಿನ ಕ್ರಿಸ್ಟೋಫರ್ ಶ್ಯಾಕಲ್ 1980ರಲ್ಲಿ ಕೊಹಾಟ್ ಮತ್ತು ಪೇಶಾವರದ ಹಿಂದ್ಕೋ ಬಗ್ಗೆ ಒಂದು ಪ್ರಬಂಧ ಬರೆದರು. ಹಿಂದ್ಕೋ ಅನ್ನುವುದು ಒಂದಕ್ಕೊಂದು ಪೂರಾ ಹೊಂದದ ಹಲವು ನುಡಿಗಳಿಗೆ ಹಾಕಿದ ಒಟ್ಟು ಚೀಟಿ ಅನ್ನುವುದು ಅವರ ನಿಲುವು. ಜಗತ್ತಿನ ಭಾಷೆಗಳ ಪಟ್ಟಿ ಮಾಡುವ ಎಥ್ನೋಲಾಗ್ ಇದನ್ನು ಉತ್ತರ ಹಿಂದ್ಕೋ, ದಕ್ಷಿಣ ಹಿಂದ್ಕೋ ಅಂತ ಎರಡಾಗಿ ಬರೆಯುತ್ತದೆ. ಅಟಕ್ ಕಡೆಯ ಬಹಳ ಜನ ತಮ್ಮದು ಪಂಜಾಬಿ ಅಂತಲೇ ಬರೆಸುತ್ತಾರೆ. ಮುಜಫ್ಫರಾಬಾದಿನ ಕಡೆ ಹೋದರೆ ಇದಕ್ಕೆ ತೀರ ಹತ್ತಿರದ ಮಾತನ್ನೇ ಪಹಾಡಿ ಅನ್ನುತ್ತಾರೆ. ಎಲ್ಲಿ ಶುರು, ಎಲ್ಲಿ ಕೊನೆ ಅಂತ ಗೂಟ ಹೊಡೆಯಲು ಆಗುವುದಿಲ್ಲ.

ಭಾಷಾಶಾಸ್ತ್ರಿಗಳ ಮಾತು ಸರಿಯೇ. ಆದರೆ ಆಡುವವರಿಗೆ ಒಂದು ಹೆಸರು ಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಹೆಸರಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇಪ್ಪತ್ತನೇ ಶತಮಾನದ ಇತಿಹಾಸ ನೋಡಬೇಕು.

ಮೊದಲ ಪೆಟ್ಟು ಕೊಹಾಟ್‌ನಲ್ಲಿ ಬಿತ್ತು. 1924ರ ಸೆಪ್ಟೆಂಬರಿನ ಕೋಮುಗಲಭೆಯ ನಂತರ ಅಲ್ಲಿನ ಹಿಂದೂ, ಸಿಖ್ ಕುಟುಂಬಗಳು ಊರು ಬಿಟ್ಟು ರಾವಲ್ಪಿಂಡಿ ಸೇರಿದವು. ಆಗಲೇ ಗಾಂಧೀಜಿ ದೆಹಲಿಯಲ್ಲಿ 21 ದಿನಗಳ ಉಪವಾಸ ಕೂತದ್ದು. ಅದೇ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನದಲ್ಲಿ, ಕೊಹಾಟ್ ವಿಷಯ ಪ್ರಸ್ತಾಪಕ್ಕೆ ಬಂತು. ಬೆಳಗಾವಿಯ ಪೆಂಡಾಲಿನಲ್ಲಿ ಕೂತವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ, ಊರು ಬಿಟ್ಟವರದೂ ಊರಲ್ಲಿ ಉಳಿದ ಅವರ ಪಟ್ಟಣದ ನೆರೆಯವರದೂ ಒಂದೇ ಮಾತಾಗಿತ್ತು.

ಎರಡನೆಯದು 1947. ಪೇಶಾವರ, ಕೊಹಾಟ್, ಅಬೊಟಾಬಾದಿನ ಹಿಂದೂ ಸಿಖ್ಖರು ಗಡಿ ದಾಟಿ ದೆಹಲಿ ಮತ್ತಿತರ ಕಡೆ ಬಂದರು. ಪೇಶಾವರಿ ಅನ್ನುವುದು ಅಂಗಡಿ ಬೋರ್ಡಿನಲ್ಲಿ, ತಿನಿಸಿನ ಹೆಸರಿನಲ್ಲಿ ಉಳಿಯಿತು, ಮಕ್ಕಳ ಬಾಯಿಗೆ ಹಿಂದಿ ಮತ್ತು ಪಂಜಾಬಿ ಬಂದವು. ಮೂರನೆಯದು 1979ರ ನಂತರ. ಅಫ್ಘಾನ್ ಯುದ್ಧದಿಂದ ಲಕ್ಷಾಂತರ ನಿರಾಶ್ರಿತರು ಬಂದು ಪೇಶಾವರ ಉಬ್ಬಿತು, ಹಳೇ ಕೋಟೆಯೊಳಗಿನ ಹಿಂದ್ಕೋ ಇನ್ನಷ್ಟು ಸಣ್ಣ ದ್ವೀಪವಾಯಿತು. ಓದು ಬಲ್ಲ ಕುಟುಂಬಗಳು ಮಕ್ಕಳ ಜೊತೆ ಉರ್ದು ಆಡತೊಡಗಿದವು. ಈ ಕೊನೇ ಸಾಲಿಗೆ ವಿವರಣೆ ಬೇಡ. ಉರ್ದು ಇರುವ ಜಾಗದಲ್ಲಿ ಇಂಗ್ಲಿಷ್ ಹಾಕಿಕೊಂಡರೆ ನಮ್ಮ ಬೀದಿಯ ಕಥೆಯೇ.

ಈಗ ಲೆಕ್ಕದ ವಿಷಯ. 1981ರ ಪಾಕಿಸ್ತಾನ ಜನಗಣತಿಯಲ್ಲಿ ಹಿಂದ್ಕೋಗೆ ಸ್ವಂತ ಕಲಂ ಇತ್ತು. ಆಗ ವಾಯವ್ಯ ಗಡಿನಾಡು ಪ್ರಾಂತ್ಯದ ಮನೆಗಳಲ್ಲಿ ಸುಮಾರು ಶೇ. 18 ಹಿಂದ್ಕೋ ಆಡುವ ಮನೆಗಳು. ಮುಂದಿನ ಗಣತಿ ನಡೆದದ್ದು 1998ರಲ್ಲಿ. ಅದರ ಪಟ್ಟಿಯಲ್ಲಿ ಉರ್ದು, ಪಂಜಾಬಿ, ಸಿಂಧಿ, ಪಶ್ತೋ, ಬಲೂಚಿ, ಸರಾಯಿಕಿ ಇದ್ದವು. ಹಿಂದ್ಕೋ ಇರಲಿಲ್ಲ. ಅಬೊಟಾಬಾದ್ ಜಿಲ್ಲೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ಮಾತೃಭಾಷೆ 'ಇತರೆ' ಅಂತ ದಾಖಲಾಯಿತು! ಇಡೀ ಜಿಲ್ಲೆಯೇ ಇತರೆ. ಪ್ರಾಂತ್ಯ ಪೂರ್ತಿ ನೋಡಿದರೆ ಐವರಲ್ಲಿ ಒಬ್ಬ ಇತರೆ. ಹಿಂದ್ಕೋ ಜೊತೆಗೆ ಚಿತ್ರಾಲಿನ ಖೋವಾರ್, ಕೊಹಿಸ್ತಾನದ ನುಡಿಗಳು, ಎಲ್ಲವನ್ನೂ ಆ ಒಂದೇ ಚೀಲಕ್ಕೆ ತುಂಬಿದ್ದರು.

ಇದು ಬರೀ ಕಾಗದದ ಮೇಲಿನ ಸಂಗತಿ ಅನ್ನಿಸಬಹುದು. ಆದರೆ ಶಾಲೆಯ ಪಠ್ಯ, ರೇಡಿಯೋದ ಸಮಯ, ಅಕಾಡೆಮಿಯ ಅನುದಾನ ಎಲ್ಲ ಕೇಳುವಾಗ ಮೊದಲು ಎದುರಾಗುವ ಪ್ರಶ್ನೆಯೇ 'ನೀವೆಷ್ಟು ಜನ?' ಅನ್ನೋದು. ಉತ್ತರ 'ಇತರೆ' ಅಂತಾದರೆ ಅರ್ಜಿ ಅಲ್ಲಿಗೇ ಮುಗಿಯಿತು.

ಮೂರನೇ ಹೆಸರಿಗೆ ಬರೋಣ. 1901ರಲ್ಲಿ ಕರ್ಜನ್ ಪಂಜಾಬಿನಿಂದ ಸಿಂಧೂ ಆಚೆಯ ಜಿಲ್ಲೆಗಳನ್ನೂ, ಈಚೆಯ ಹಜಾರಾವನ್ನೂ ಕತ್ತರಿಸಿ ಹೊಸ ಪ್ರಾಂತ್ಯ ಮಾಡಿದ. ಹೆಸರು ವಾಯವ್ಯ ಗಡಿನಾಡು. ಮತ್ತೆ ಅದೇ ಕಥೆ. ಯಾರ ವಾಯವ್ಯ? ಆಗ ರಾಜಧಾನಿ ಕಲ್ಕತ್ತಾ, ಅಲ್ಲಿಂದ ನೋಡಿದರೆ ಅದು ವಾಯವ್ಯ. ಪಾಕಿಸ್ತಾನವಾದ ಮೇಲೂ ಈ ದಿಕ್ಕಿನ ಹೆಸರೇ ಅಂಟಿಕೊಂಡಿತ್ತು. ಸಿಂಧಿಗಳಿಗೆ ಸಿಂಧ್ ಇದೆ, ಪಂಜಾಬಿಗಳಿಗೆ ಪಂಜಾಬ್ ಇದೆ, ನಮಗೇಕೆ ನಮ್ಮ ಹೆಸರಿನ ಪ್ರಾಂತ್ಯ ಬೇಡ ಅಂತ ಪಖ್ತೂನರು ದಶಕಗಳ ಕಾಲ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕ ಆದದ್ದನ್ನು ಸಂಭ್ರಮಿಸುವ ನಾವು ಅದನ್ನು ಅರ್ಥ ಮಾಡಿಕೊಳ್ಳಬಲ್ಲೆವು.

2010ರ ಏಪ್ರಿಲ್‌ನಲ್ಲಿ ಸಂವಿಧಾನದ ಹದಿನೆಂಟನೇ ತಿದ್ದುಪಡಿಯ ಮೂಲಕ ಪ್ರಾಂತ್ಯದ ಹೆಸರು ಖೈಬರ್ ಪಖ್ತೂನ್‌ಖ್ವಾ ಆಯಿತು. ಒಂದು ಕಡೆ ಹಬ್ಬ. ಹಜಾರಾದಲ್ಲಿ ಮಾತ್ರ ಬೆಂಕಿ ಹತ್ತಿತು. 'ಇಡೀ ಪ್ರಾಂತ್ಯ ಪಖ್ತೂನರದ್ದಾದರೆ ನಾವು ಯಾರು?' ಅನ್ನುವುದು ಅವರ ಪ್ರಶ್ನೆ. ಏಪ್ರಿಲ್ 12ರಂದು ಅಬೊಟಾಬಾದಿನಲ್ಲಿ ಪ್ರತಿಭಟನಾಕಾರರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಕಡಿಮೆಯೆಂದರೂ ಏಳು ಜನ ಸತ್ತರು. ಬಾಬಾ ಹೈದರ್ ಜಮಾನ್ ಅನ್ನುವ ಹಿರಿಯರ ಮುಂದಾಳತ್ವದಲ್ಲಿ ಪ್ರತ್ಯೇಕ ಹಜಾರಾ ಪ್ರಾಂತ್ಯದ ಚಳವಳಿ ಎದ್ದಿತು. ಅವರು 2018ರಲ್ಲಿ ತೀರಿಕೊಂಡರು, ಪ್ರಾಂತ್ಯ ಆಗಲಿಲ್ಲ.

ಇದರಲ್ಲಿ ಯಾರು ಸರಿ, ಯಾರು ತಪ್ಪು ಅಂತ ಇಲ್ಲಿ ಕೂತು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ನನಗೆ ಕಂಡದ್ದು ಇಷ್ಟು: ನೂರು ವರ್ಷ ದಿಕ್ಕಿನ ಹೆಸರು ಹೊತ್ತವರು ತಮ್ಮ ಹೆಸರು ಪಡೆದ ದಿನವೇ, ಅದೇ ಪ್ರಾಂತ್ಯದ ಇನ್ನೊಂದು ಮಗ್ಗುಲಿನವರು ಹೆಸರಿಲ್ಲದವರಾದರು. ಒಬ್ಬರ ಗೆಲುವಿನಲ್ಲಿ ಇನ್ನೊಬ್ಬರು 'ಇತರೆ' ಆಗಿಬಿಡುವುದು ಎಷ್ಟು ಸುಲಭ ನೋಡಿ.

ಆದರೆ ಕಥೆ ಅಲ್ಲಿಗೆ ನಿಂತಿಲ್ಲ. ಹಿಂದ್ಕೋದವರು ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟವಾಯಿತು. ಬೇರೆಯವರು ಬೆರಳು ತೋರಿಸಿ ಇಟ್ಟ ಹೆಸರನ್ನೇ ತಮ್ಮದಾಗಿಸಿಕೊಂಡರು. 1993ರಲ್ಲಿ ಪೇಶಾವರದಲ್ಲಿ ಗಂಧಾರಾ ಹಿಂದ್ಕೋ ಬೋರ್ಡ್ ಹುಟ್ಟಿತು. ಉರ್ದು ಬರೆಯುವ ಲಿಪಿಯಲ್ಲೇ ಹಿಂದ್ಕೋ ಪುಸ್ತಕ, ಪತ್ರಿಕೆಗಳನ್ನು ತಂದರು. ಸುಲ್ತಾನ್ ಸಕೂನ್ ಹಿಂದ್ಕೋ ನಿಘಂಟು ಮಾಡಿದರು. ಖಾತಿರ್ ಗಜ್ನವಿ ಅನ್ನುವ ಕವಿ, ವಿದ್ವಾಂಸರು ಉರ್ದುವಿನ ಮೂಲವೇ ಹಿಂದ್ಕೋ ಅಂತ ಒಂದು ಪುಸ್ತಕವನ್ನೇ ಬರೆದರು. ಭಾಷಾಶಾಸ್ತ್ರಿಗಳು ಅದನ್ನು ಹಾಗೆಯೇ ಒಪ್ಪುವುದಿಲ್ಲ. ಆದರೆ ಮನೆಯಲ್ಲಿ ಆಡಲು ಸಂಕೋಚಪಡುವ ಮಾತಿಗೆ, 'ನೀನು ದೊಡ್ಡ ಮನೆತನದ್ದು' ಅಂತ ಧೈರ್ಯ ತುಂಬುವ ಹಂಬಲ ಅದರ ಹಿಂದಿದೆ. ಅಂಥ ಹಂಬಲ ನಮಗೆ ಹೊಸದಲ್ಲ, ಅಲ್ವಾ?

2012ರಲ್ಲಿ ಪ್ರಾಂತ್ಯದ ವಿಧಾನಸಭೆ ಪ್ರಾದೇಶಿಕ ಭಾಷೆಗಳ ಅಭಿವೃದ್ಧಿಗೆ ಒಂದು ಕಾಯ್ದೆ ಮಾಡಿತು. 2017ರ ಜನಗಣತಿಯಲ್ಲಿ ಹಿಂದ್ಕೋ ಕಲಂ ವಾಪಸ್ ಬಂತು. 2023ರ ಗಣತಿಯಲ್ಲೂ ಇತ್ತು, ಐವತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಮಾತೃಭಾಷೆ ಹಿಂದ್ಕೋ ಅಂತ ಬರೆಸಿದರು. ಛಾಛಿಯವನೂ, ಕಾಘಾನಿನವನೂ, ಪೇಶಾವರದ ಪಟ್ಟಣಿಗನೂ ಒಂದೇ ಕಲಮಿನಲ್ಲಿ. ಶ್ಯಾಕಲ್ ಅವರ 'ಒಟ್ಟು ಚೀಟಿ' ಸುಳ್ಳಾಗಲಿಲ್ಲ, ಆದರೆ ಆ ಚೀಟಿಯ ಹಿಂದೆ ಜನ ತಾವಾಗಿಯೇ ಸಾಲುಗಟ್ಟಿ ನಿಂತರು. ಒಂದು ಭಾಷೆ ಒಂದು ಅನ್ನಿಸಿಕೊಳ್ಳೋದು ವ್ಯಾಕರಣದಿಂದ ಮಾತ್ರ ಅಲ್ಲ, ಹೀಗೂ ಇರಬಹುದು.

ಇದನ್ನೆಲ್ಲ ಓದಿದ ಮೇಲೆ ನಮ್ಮ ಫಾರಂಗಳಲ್ಲಿ ಬರುವ 'ಇತರೆ' ಅನ್ನುವ ಚೌಕ ನನಗೆ ಮುಂಚಿನ ಹಾಗೆ ಕಾಣುತ್ತಿಲ್ಲ. ಅದರೊಳಗೆ ಯಾವುದೋ ಜಿಲ್ಲೆ ಪೂರ್ತಿ ಕೂತಿರಬಹುದು. ನಿಮ್ಮ ಅಜ್ಜಿ ತನ್ನ ಮಾತನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು? ಆ ಹೆಸರು ಅವರೇ ಇಟ್ಟುಕೊಂಡದ್ದಾ, ಪಕ್ಕದ ಊರಿನವರು ಇಟ್ಟದ್ದಾ? ನೆನಪಿದ್ದರೆ ಬರೆಯಿರಿ, ಓದಲು ಕಾದಿರುತ್ತೇನೆ.